ಷೆನ್ ಟೀಚರ ಶನಿವಾರದ ಹುಟ್ಟುಹಬ್ಬಗಳು

ಷೆನ್ ಟೀಚರ್ ಮನೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಯಾರದೋ ಒಬ್ಬರ ಹುಟ್ಟುಹಬ್ಬ. ಮೇಜಿನ ಮೇಲೆ ಸೂಪರ್‌ಮಾರ್ಕೆಟ್ಟಿನ ಕೇಕು, ಅದರ ಮೇಲೆ ಅರ್ಧ ಉರಿದ ಮೇಣದಬತ್ತಿ, ಸುತ್ತ ನಾಲ್ಕು ಮಕ್ಕಳು, ನಾಲ್ವರ ತಲೆಯ ಮೇಲೂ ಕಾಗದದ ಟೋಪಿ. ಕಿಟಕಿಯ ಪರದೆ ಪೂರ್ತಿ ಎಳೆದಿರಬೇಕು. ಮಕ್ಕಳು ಒಟ್ಟಿಗೆ ಬರುವ ಹಾಗಿಲ್ಲ, ಐದೈದು ನಿಮಿಷ ಬಿಟ್ಟು ಒಬ್ಬೊಬ್ಬರೇ ಬರಬೇಕು. ಒಳಗೆ ನಡೆಯುತ್ತಿದ್ದದ್ದು ಭಿನ್ನರಾಶಿಯ ಪಾಠ.

ಇಂಗ್ಲೆಂಡಿನ ಈ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಅಪರಾಧವಲ್ಲ ಅಂತ ನಾನು ಅವರಿಗೆ ಹತ್ತು ಸಲವಾದರೂ ಹೇಳಿದ್ದೇನೆ. "ನಿನಗೆ ಗೊತ್ತಿಲ್ಲ," ಅಂತ ಕೈ ಆಡಿಸಿಬಿಡುತ್ತಿದ್ದರು. "ಇವತ್ತು ಅಪರಾಧ ಅಲ್ಲ. ಸೋಮವಾರ ಸುತ್ತೋಲೆ ಬಂದರೆ?"

ಅವರು ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ನಾನು ಫಾರ್ಮಸಿಸ್ಟ್ ಆಗಿರುವ ಆಸ್ಪತ್ರೆಯಲ್ಲೇ ಅವರ ಮಗಳು ಡಾಕ್ಟರು. ಚೀನಾದ ಯಾವುದೋ ಸಣ್ಣ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ಗುಜ್ಜಾದ ಹೆಂಗಸು, ಜುಲೈನಲ್ಲೂ ಹತ್ತಿ ತುಂಬಿದ ತೋಳಿಲ್ಲದ ಕೋಟು, ಕಂಕುಳಲ್ಲಿ ಸದಾ ಬಿಸಿನೀರಿನ ಫ್ಲಾಸ್ಕು. ತಣ್ಣೀರು ಕುಡಿಯುವವರನ್ನು ಕಂಡರೆ, ಇವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇನೋ ಅನ್ನೋ ಹಾಗೆ ಮರುಗುತ್ತಿದ್ದರು. ಅವರ ಇಂಗ್ಲಿಷ್‌ನಲ್ಲಿ ನಿನ್ನೆ ನಾಳೆಗಳಿರಲಿಲ್ಲ, ಎಲ್ಲವೂ ಇವತ್ತೇ ನಡೆಯುತ್ತಿತ್ತು. ಅದನ್ನು ನಾನಿಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ, ಅಷ್ಟೇ.

ಸುತ್ತೋಲೆಯ ಭಯ ಅವರ ಮನೆತನದ್ದು. ಅವರ ತಾತ ರಾಜರ ಕಾಲದ ಪರೀಕ್ಷೆಗೆ ಅಂತ ಹಳೇ ಗ್ರಂಥಗಳನ್ನೆಲ್ಲ ಬಾಯಿಪಾಠ ಮಾಡಿ ಮುಗಿಸೋ ಹೊತ್ತಿಗೆ ಆ ಪರೀಕ್ಷೆಯನ್ನೇ ರದ್ದು ಮಾಡಿದರಂತೆ. "ತಾತ ಸಾಯೋವರೆಗೂ ಯಾರಾದರೂ ಪ್ರಶ್ನೆ ಕೇಳ್ತಾರೇನೋ ಅಂತ ಕಾದ. ಯಾರೂ ಕೇಳಲಿಲ್ಲ. ಕೊನೆಗೆ ಕೋಳಿಗಳಿಗೆ ಉತ್ತರ ಹೇಳ್ತಿದ್ದ." ಅಪ್ಪ ಮೇಷ್ಟರು. ಈಕೆ ಇನ್ನೂ ಹುಡುಗಿಯಾಗಿದ್ದಾಗ ಸರ್ಕಾರದ ಸುತ್ತೋಲೆ ಬಂದು ಸ್ಕೂಲುಗಳೇ ಮುಚ್ಚಿದವು. ಪಾಠ ಬಿಡಿಸಿ ಅಪ್ಪನ ಕೈಗೆ ಕಸ ಗುಡಿಸೋ ಪೊರಕೆ ಕೊಟ್ಟರು, ಆಮೇಲೆ ಈಕೆಯನ್ನು ಹಳ್ಳಿಗೆ ಹಂದಿ ಸಾಕೋದಕ್ಕೆ ಕಳಿಸಿದರು. ಹಂದಿ ಸಾಕುತ್ತ ಸಾಕುತ್ತ ವರ್ಷಗಳು ಕಳೆದ ಮೇಲೆ ಒಂದು ಚಳಿಗಾಲ, ಕಾಲೇಜಿನ ಪ್ರವೇಶ ಪರೀಕ್ಷೆ ಮತ್ತೆ ಶುರು ಅಂತ ರೇಡಿಯೋದಲ್ಲಿ ಬಂತು. ಶಾಯಿ ಹೆಪ್ಪುಗಟ್ಟದ ಹಾಗೆ ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಪರೀಕ್ಷೆ ಬರೆದು, ಪಾಸಾಗಿ, ಟೀಚರಾದರು. ಇದನ್ನೆಲ್ಲ ಅವರು ನಗುನಗುತ್ತಲೇ ಹೇಳುತ್ತಿದ್ದರು. ಅಪ್ಪನ ಪೊರಕೆಯ ಮಾತು ಬಂದಾಗ ಮಾತ್ರ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಸಿನೀರು ಬಗ್ಗಿಸಿಕೊಳ್ಳುತ್ತಿದ್ದರು.

ಅಲ್ಲಿಂದಾಚೆ ಸುಧಾರಣೆಗಳದೇ ಸುಗ್ಗಿ. "ಒಂದು ಸುತ್ತೋಲೆ ಬಂತು, ಮಾರ್ಕ್ಸೇ ಎಲ್ಲ. ಇನ್ನೊಂದು ಬಂತು, ಮಾರ್ಕ್ಸು ಮುಖ್ಯ ಅಲ್ಲ, ಮಕ್ಕಳು ಖುಷಿಯಾಗಿರಬೇಕು, ಹೋಂವರ್ಕ್ ಬೇಡ. ನಾವು ಹೋಂವರ್ಕಿಗೆ 'ಸಂತೋಷದ ಚಟುವಟಿಕೆ' ಅಂತ ಹೆಸರಿಟ್ಟೆವು. ಮಕ್ಕಳು ದಿನಾ ರಾತ್ರಿ ಮೂರು ಗಂಟೆ ಸಂತೋಷ ಮಾಡಿದರು." ನಿವೃತ್ತರಾಗಿ ಮನೆಯಲ್ಲಿ ಪಾಠ ಹೇಳುತ್ತಿದ್ದಾಗ, ಮಕ್ಕಳ ಮೇಲಿನ ಹೊರೆ ಇಳಿಸಬೇಕು, ಟ್ಯೂಷನ್ ನಿಲ್ಲಿಸಿ ಅಂತ ಕೊನೆಯ ಸುತ್ತೋಲೆ ಬಂತು. ಆಗ ಹುಟ್ಟಿದ್ದು ಈ ಹುಟ್ಟುಹಬ್ಬ. ಯಾರಾದರೂ ಬಾಗಿಲು ತಟ್ಟಿದರೆ ಪುಸ್ತಕ ಚಾಪೆಯ ಅಡಿಗೆ, ಟೋಪಿ ತಲೆಗೆ, ಹಾಡು ಬಾಯಿಗೆ. ಅದೇ ವಿದ್ಯೆಯನ್ನು ಇಂಗ್ಲೆಂಡಿಗೂ ಹೊತ್ತು ತಂದಿದ್ದರು. ಫೀಸಿನ ಮಾತೆತ್ತಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಈಗ ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಗ್ರಾಮರ್ ಸ್ಕೂಲು ಅಂತ ಇದೆ. ಸರ್ಕಾರದ್ದೇ ಸ್ಕೂಲು, ಆದರೆ ಸೀಟು ಬೇಕಾದರೆ ಮಕ್ಕಳು ಹತ್ತನೇ ವಯಸ್ಸಿಗೇ ಇಲೆವೆನ್ ಪ್ಲಸ್ ಪರೀಕ್ಷೆ ಬರೆಯಬೇಕು. ನನ್ನ ಮಗಳು ಇಂಚರ ಅದರಲ್ಲಿ ಪಾಸಾಗಲೇಬೇಕು ಅಂತ ನಾನು ಊಟ ನಿದ್ದೆ ಬಿಟ್ಟಿದ್ದೆ. ಕಾರಣ ಇಂಚರ ಅಲ್ಲ, ನಾನೇ. ಮೈಸೂರಿನಲ್ಲಿ ನನಗೆ ಕೂದಲೆಳೆಯಲ್ಲಿ ಮೆಡಿಕಲ್ ಸೀಟು ತಪ್ಪಿತ್ತು. ಇಷ್ಟು ವರ್ಷವಾದರೂ ಆಸ್ಪತ್ರೆಯಲ್ಲಿ ಯಾರಾದರೂ "ಡಾಕ್ಟರ್" ಅಂತ ಕೂಗಿದರೆ ನಾನೂ ತಿರುಗಿ ನೋಡಿಬಿಡುತ್ತೇನೆ. ಇಂಚರಳನ್ನು ಪಾಠಕ್ಕೆ ಸೇರಿಸಲು ಹೋದ ಮೊದಲ ದಿನವೇ ಷೆನ್ ಟೀಚರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪರೀಕ್ಷೆ ಯಾರಿಗೆ? ಅವಳಿಗಾ, ನಿನಗಾ?" ಅಂದಿದ್ದರು. "ಅಯ್ಯೋ, ಅವಳಿಗೇ ಟೀಚರ್," ಅಂದೆ, ಹಲ್ಲು ಬಿಟ್ಟುಕೊಂಡು.

ಪರೀಕ್ಷೆಗೆ ಆರು ವಾರ ಇದ್ದಾಗ ಆ ಅನಾಹುತ ನಡೆಯಿತು. ಎದುರು ಮನೆಯ ಮಾರ್ಗರೆಟ್ ತುಂಬಾ ಒಳ್ಳೆಯ ಮುದುಕಿ. ಪ್ರತಿ ಶನಿವಾರ ಟೋಪಿ ಹಿಡಿದು ಬರುವ ಮಕ್ಕಳನ್ನು ನೋಡಿ ನೋಡಿ, ಪಾಪ, ಒಂದು ಗ್ರೀಟಿಂಗ್ ಕಾರ್ಡು, ಒಂದು ಪೊಟ್ಟಣ ಚಾಕೊಲೇಟು ತಗೊಂಡು ಬೆಲ್ ಮಾಡಿದರು. ಇಂಚರಳನ್ನು ಕರೆದುಕೊಂಡು ಹೋಗಲು ನಾನೂ ಆಗಲೇ ಬಾಗಿಲಲ್ಲಿದ್ದೆ. ಒಳಗೆ ದಡಬಡ ಸದ್ದಾಯಿತು, ಹಾಡು ಶುರುವಾಯಿತು, ಬಾಗಿಲು ತೆರೆಯಿತು.

"ಇವತ್ತು ಯಾರ ಹುಟ್ಟುಹಬ್ಬ ಕಂದಾ?" ಅಂತ ಮಾರ್ಗರೆಟ್ ಕೇಳಿದರು.

ನಾಲ್ಕು ಮಕ್ಕಳೂ ನಾಲ್ಕು ದಿಕ್ಕಿಗೆ ಬೆರಳು ತೋರಿಸಿದವು. ಷೆನ್ ಟೀಚರ್ ಗಾಬರಿಯಲ್ಲಿ ನನ್ನ ಕಡೆ ತೋರಿಸಿದರು. ನಾನು ಥ್ಯಾಂಕ್ಯೂ ಅಂತ ಕಾರ್ಡಿಗೆ ಕೈ ಚಾಚಿಯೂಬಿಟ್ಟೆ. ಅಷ್ಟರಲ್ಲಿ ಚಾಪೆಯ ಅಡಿಯಿಂದ ಜ್ಯಾಮಿಟ್ರಿ ಬಾಕ್ಸು ಉರುಳಿ ಬಂದು ಮಾರ್ಗರೆಟ್ಟರ ಕಾಲ ಬಳಿ ನಿಂತಿತು. ಟೀಚರ್ ಟೋಪಿ ತೆಗೆದು, ಎರಡೂ ಕೈ ಮುಂದಕ್ಕೆ ಚಾಚಿ, "ನನ್ನನ್ನು ಕರೆದುಕೊಂಡು ಹೋಗಿ. ಮಕ್ಕಳದು ಏನೂ ತಪ್ಪಿಲ್ಲ," ಅಂದರು.

ಮಾರ್ಗರೆಟ್ ಅತ್ತಿತ್ತ ನೋಡಿ, "ಓ, ಟ್ಯೂಷನ್ನಾ? ನನ್ನ ಮೊಮ್ಮಗಳಿಗೂ ಲೆಕ್ಕ ಬರಲ್ಲ. ಒಂದು ಜಾಗ ಇದೆಯಾ?" ಅಂತ ಕೇಳಿದರು.

ಅಬ್ಬಾ, ಬದುಕಿದೆವು ಅಂದುಕೊಂಡೆ ನಾನು. ಎಲ್ಲಿ ಬಂತು! ಸಂಜೆಯೇ ಟೀಚರ್ ತರಗತಿ ಬಂದ್ ಮಾಡಿಬಿಟ್ಟರು. ನಾನು ಓಡಿಹೋಗಿ ಗೋಗರೆದೆ.

"ಅವಳು ಇನ್ಸ್‌ಪೆಕ್ಟರ್," ಅಂದರು ಪಿಸುಮಾತಿನಲ್ಲಿ.

"ಟೀಚರ್, ಆಕೆಗೆ ಎಂಬತ್ತು ವರ್ಷ!"

"ನಮ್ಮೂರಲ್ಲೂ ಇನ್ಸ್‌ಪೆಕ್ಟರ್ ಹೀಗೇ ಬಂದ. ಮೊಮ್ಮಗನಿಗೆ ಜಾಗ ಕೇಳಿದ. ಕೊಟ್ಟೆ."

"ಆಮೇಲೆ? ಹಿಡಿದನಾ?"

ಟೀಚರ್ ಸ್ವಲ್ಪ ಯೋಚಿಸಿದರು. "ಇಲ್ಲ. ಮೊಮ್ಮಗ ಲೆಕ್ಕದಲ್ಲಿ ಫಸ್ಟ್ ಬಂದ."

ಇಷ್ಟು ಹೇಳಿದ ಮೇಲೂ ಒಪ್ಪಲು ಅವರಿಗೆ ಎರಡು ವಾರ ಬೇಕಾಯಿತು. ಆ ಎರಡು ವಾರ ನಾನೇ ಇಂಚರಳಿಗೆ ಕಲಿಸಲು ಕೂತು, ಕಿರುಚಿ, ಅವಳನ್ನೂ ಅಳಿಸಿ ನಾನೂ ಅತ್ತೆ. ಕೊನೆಗೆ ಮಾರ್ಗರೆಟ್ಟರ ಮೊಮ್ಮಗಳೂ ಐದನೇ ಟೋಪಿ ಹಾಕಿಕೊಂಡು ಬಂದು ಕೂತಳು, ಪಾಠ ಮುಂದುವರಿಯಿತು.

ಸೆಪ್ಟೆಂಬರಿನಲ್ಲಿ ಪರೀಕ್ಷೆಯಾಯಿತು. ಅಕ್ಟೋಬರಿನಲ್ಲಿ ಇಮೇಲ್ ಬಂತು. ಇಂಚರಳಿಗೆ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ, ಅದೂ ಕೂದಲೆಳೆಯಲ್ಲೇ. ನನಗೆ ಭೂಮಿ ಬಾಯಿ ಬಿಟ್ಟ ಹಾಗಾಯಿತು. ಮಗಳು ನನ್ನ ಬೆನ್ನು ತಟ್ಟಿ, "ಇಟ್ಸ್ ಓಕೆ ಅಮ್ಮಾ," ಅಂದಳು. ಸಮಾಧಾನ ಯಾರು ಯಾರಿಗೆ ಮಾಡಬೇಕಿತ್ತು ನೋಡಿ!

ಟೀಚರಿಗೆ ಹೇಳೋಣ ಅಂತ ಇಬ್ಬರೂ ಹೋದೆವು. ಅವರ ಮುಖ ಸಣ್ಣದಾಯಿತು. ಎದ್ದು ನಿಂತು, ಹತ್ತು ವರ್ಷದ ಹುಡುಗಿಗೆ ತಲೆ ಬಾಗಿಸಿ, "ನಾನು ಸರಿಯಾಗಿ ಕಲಿಸಲಿಲ್ಲ," ಅಂದರು. ಇಂಚರ ಅದನ್ನು ಕಿವಿಗೇ ಹಾಕಿಕೊಳ್ಳದೆ, ಮುಂದಿನ ಶನಿವಾರ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿದಳು.

"ಪರೀಕ್ಷೆ ಮುಗಿಯಿತಲ್ಲ?"

"ಗೊತ್ತು. ಆದ್ರೂ ಬರ್ತೀನಿ."

"ಯಾಕೆ?"

"ಚೆನ್ನಾಗಿರುತ್ತೆ."

ಷೆನ್ ಟೀಚರ್ ನನ್ನ ಕಡೆ ನೋಡಿದರು, ನಾನೇ ಹೇಳಿಕೊಟ್ಟು ಕರೆತಂದಿದ್ದೀನಾ ಅನ್ನೋ ಹಾಗೆ. ನಾನು ಕಣ್ಣೊರೆಸಿಕೊಂಡು ತಲೆ ಅಲ್ಲಾಡಿಸಿದೆ. ಪರೀಕ್ಷೆಯಿಲ್ಲದೆ ಲೆಕ್ಕಕ್ಕೆ ಬರುತ್ತೇನೆ ಅಂದ ಮಗುವನ್ನು ಅವರು ಇಡೀ ಸರ್ವೀಸಿನಲ್ಲಿ ನೋಡಿರಲಿಲ್ಲವಂತೆ. ಸಿಲಬಸ್ ಇಲ್ಲದೆ ಏನು ಕಲಿಸುವುದೋ ತಿಳಿಯದೆ ಆ ವಾರವೆಲ್ಲ ಒದ್ದಾಡಿದರು ಅಂತ ಅವರ ಮಗಳು ಆಮೇಲೆ ಹೇಳಿದಳು. ಆದರೂ ಚಳಿಗಾಲ ಪೂರ್ತಿ ಇಬ್ಬರೂ ಕೂತು ಒಗಟು ಬಿಡಿಸಿದರು, ಕಾಗದ ಮಡಚಿದರು, ಜೋರಾಗಿ ಜಗಳವಾಡಿದರು. ಬಾಗಿಲಾಚೆ ನಿಂತು ಅವರ ನಗು ಕೇಳುತ್ತ ನನಗೆ ಖುಷಿಯೂ ಆಗುತ್ತಿತ್ತು, ಸೀಟು ಹೋಯಿತಲ್ಲ ಅಂತ ಸಂಕಟವೂ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಮಾರ್ಚಿನಲ್ಲಿ ಚೀನಾದ ಊರಲ್ಲಿ ಅವರ ಅಕ್ಕನಿಗೆ ಹುಷಾರು ತಪ್ಪಿ, ಟೀಚರ್ ಹೊರಟು ನಿಂತರು. ಟ್ಯಾಕ್ಸಿ ಬಂದಿತ್ತು. ಇಂಚರಳ ಕೆನ್ನೆ ಹಿಂಡಿದರು, ಆಮೇಲೆ ನನ್ನ ಕೈ ಹಿಡಿದುಕೊಂಡರು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ನೀವು ಇನ್ನೊಂದು ವರ್ಷ ಮೊದಲೇ ಬಂದಿದ್ದರೆ ಇವಳು ಪಾಸಾಗುತ್ತಿದ್ದಳು ಟೀಚರ್," ಅಂದುಬಿಟ್ಟೆ.

ಅವರು ಹಿಡಿದ ಕೈ ಬಿಡಲಿಲ್ಲ. ತರಗತಿಯಲ್ಲಿ ಉತ್ತರಪತ್ರಿಕೆ ಹಂಚುವ ಗಂಭೀರ ಮುಖ ಮಾಡಿಕೊಂಡು ಅಂದರು: "ಅವಳು ಪಾಸಾಗಿದ್ದಾಳೆ. ನೀನು ಫೇಲು."

ಡ್ರೈವರ್ ಡಿಕ್ಕಿ ಮುಚ್ಚಿದ. ನಾನು ನಡುಬೀದಿಯಲ್ಲಿ ನಿಂತು ನಕ್ಕೆ, ನಗುತ್ತಲೇ ಅಳು ಬಂತು. ಇಂಚರ ನನ್ನ ಸೆರಗು ಹಿಡಿದು, ಬಾ ಅಮ್ಮಾ, ಮನೆಗೆ ಹೋಗೋಣ ಅಂದಳು.