ಕತ್ತರಿಯಕ್ಕ ವಾಪಸ್ ಕೇಳಿದ ತುಂಡು

ಬಟ್ಟೆ ಹೊಲಿಯುವವರ ಮನೆಯಲ್ಲಿ ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡೆಂದರೆ ಕೆಂಡವಿದ್ದಂತೆ. ಅಂಗೈಯಗಲ ಉಳಿದರೂ ಹೊಲಿದ ಅಂಗಿಯೊಳಗೆ ಮಡಚಿಟ್ಟು ವಾಪಸ್ ಕೊಡಬೇಕು. ಹೇಳದೆ ಇಟ್ಟುಕೊಂಡರೆ ಕಳ್ಳತನ. ಕತ್ತರಿಯಕ್ಕ ಅವ್ವನಿಂದ ಕಲಿತ ಮೊದಲ ಪಾಠ ಅದು. ಸೂಜಿಗೆ ದಾರ ಪೋಣಿಸಲು ಕಲಿತದ್ದು ಆಮೇಲೆ.

ಹಾಗಾಗಿ ಎದೆಯ ಗಂಟಿನ ಆಪರೇಷನ್ನಿಗೆ ಮುಂಚೆ, ಪರೀಕ್ಷೆ ಮುಗಿದು ಉಳಿದ ಚೂರನ್ನು ಕ್ಯಾನ್ಸರ್ ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಆಸ್ಪತ್ರೆಯವರು ಕೇಳಿದಾಗ ಅವಳು ಮುಲಾಜಿಲ್ಲದೆ ಹೇಳಿಬಿಟ್ಟಳು: "ಉಳಿದದ್ದು ನಂದು. ವಾಪಸ್ ಕೊಡಿ."

ಆ ಮಾತಿನ ಹಿಂದೆ ಒಂದು ಕಿಚ್ಚೂ ಇತ್ತು. ಇಂಥದೇ ಗಂಟು ಅವ್ವನನ್ನು ನುಂಗಿತ್ತು, ಅಕ್ಕನನ್ನೂ ನುಂಗಿತ್ತು. ಮನೆಯಲ್ಲಿ ಬೆಳೆದು ನಿಂತ ಮಗಳಿದ್ದಾಳೆ. ನಾಳೆ ಅವಳ ಸರದಿಯೋ ಏನೋ ಎಂಬ ಭಯ ಗಂಟಿಗಿಂತ ಗಟ್ಟಿಯಾಗಿ ಎದೆಯಲ್ಲಿ ಕೂತಿತ್ತು. ಆ ಪಾಪಿಯನ್ನು ಕಣ್ಣಾರೆ ನೋಡಬೇಕು, ಉಗಿಯಬೇಕು, ಒಲೆಗೆ ಹಾಕಬೇಕು.

ಗಾಯ ಮಾಗಿದ ಮೇಲೆ ಗಂಡನನ್ನು ಎಬ್ಬಿಸಿಕೊಂಡು ಚೂರು ತರಲು ಆಸ್ಪತ್ರೆಗೆ ಹೊರಟಳು. ಅಂಗಡಿಯಲ್ಲಿ ಇಸ್ತ್ರಿ ಕೆಲಸ ಅವನದು. ಅವಳ ಕೈಯಲ್ಲಿ ಬಟ್ಟೆಯ ಚೀಲ ಕಂಡು ಅವನೆಂದ, "ಏನೇ ಇದು, ತರಕಾರಿ ತರೋಕೆ ಹೊರಟಂಗಿದೆಯಲ್ಲ!"

"ಮೊದಲು ನಿಮ್ಮ ಬಾಯಿಗೊಂದು ಇಸ್ತ್ರಿ ಹಾಕ್ಕೊಂಡು ಬನ್ನಿ."

ಪ್ರಯೋಗಾಲಯದ ಬಿಳಿ ಕೋಟಿನ ಹೆಂಗಸು ಚೀಲ ನೋಡಿ ನಗಲಿಲ್ಲ. ಒಳಗೆ ಕರೆದು ಮೇಣದ ಪುಟ್ಟ ಬಿಲ್ಲೆಯೊಂದನ್ನು ತೋರಿಸಿದಳು. ನಡುವೆ ಹುದುಗಿಸಿಟ್ಟ ಅವಳ ಚೂರು, ಉಗುರಿನಷ್ಟು ಮಬ್ಬು ಕಲೆ.

"ಇಷ್ಟೇನಾ?" ಕತ್ತರಿಯಕ್ಕ ಬಗ್ಗಿ ನೋಡಿದಳು. "ಇಷ್ಟಕ್ಕೆ ನಮ್ಮವ್ವನಂಥ ಆಳು ಬಿದ್ದಳಾ!"

ಪಕ್ಕದ ಮೇಜಿನಲ್ಲಿ ಒಬ್ಬರು ಅಂಥದೇ ಬೇರೊಂದು ಬಿಲ್ಲೆಯನ್ನು ಅಲಗಿಗೆ ಕೊಡುತ್ತಿದ್ದರು. ಕೂದಲೆಳೆಗಿಂತ ತೆಳುವಾದ ಪದರವೊಂದು ಎದ್ದು ಬಂದು, ಬೆಚ್ಚನೆ ನೀರಿನ ಮೇಲೆ ಒಂದು ಸುಕ್ಕಿಲ್ಲದೆ ಹಾಸಿಕೊಂಡಿತು.

"ನೀರಲ್ಲೇ ಇಸ್ತ್ರಿ!" ಎಂದ ಗಂಡ, ಮೆಲ್ಲನೆ.

ಬಿಳಿ ಕೋಟಿನವಳು ಸೂಕ್ಷ್ಮದರ್ಶಕದ ಮುಂದೆ ಕತ್ತರಿಯಕ್ಕನನ್ನು ಕೂರಿಸಿದಳು. ಪರೀಕ್ಷೆಗೆಂದು ಮೊದಲೇ ಕತ್ತರಿಸಿ ಬಣ್ಣ ಹಾಕಿದ ಅವಳದೇ ಪದರ ಅದರಡಿಯಲ್ಲಿತ್ತು. ಕತ್ತರಿಯಕ್ಕ ಕಣ್ಣಿಟ್ಟಳು. ಗುಲಾಬಿ ನೆಲದ ತುಂಬ ನೇರಳೆ ಚುಕ್ಕಿ. ಒಂದೆಡೆ ಒಳ್ಳೆಯ ನೇಕಾರ ನೇಯ್ದಂತೆ ಒಪ್ಪವಾದ ಸಾಲು. ಇನ್ನೊಂದೆಡೆ ಮಗ್ಗಕ್ಕೆ ಹುಚ್ಚು ಹಿಡಿದಂತೆ ಒಂದರ ಮೇಲೊಂದು ಬಿದ್ದ ಗುಂಪು. ಉಗುರಿನಷ್ಟು ಜಾಗದಲ್ಲಿ ಒಂದು ಲೋಕವೇ ಇತ್ತು, ಅದು ತನ್ನೊಳಗಿತ್ತು!

"ಈ ಸಾಲು?"

"ಅದು ನಿಮ್ಮದೇ ಅಮ್ಮಾ, ಚೆನ್ನಾಗಿರೋದು."

"ಈ ಪುಂಡರ ಗುಂಪು?"

"ಅದೂ ನಿಮ್ಮದೇ. ದಾರಿ ತಪ್ಪಿದ್ದು."

ತನ್ನದರ ಮೇಲೆ ತಾನೇ ಉಗಿಯುವುದು ಹೇಗೆ? ಅವಳು ಬಹಳ ಹೊತ್ತು ನೋಡಿದಳು. "ನಮ್ಮವ್ವಂದು, ಅಕ್ಕಂದು ತಗೊಂಡು ಬನ್ನಿ. ಪಕ್ಕಪಕ್ಕ ಇಟ್ಟರೆ ಎಳೆ ಎಲ್ಲಿ ತಪ್ಪಿತು ಅಂತ ತಿಳಿಯುತ್ತಲ್ಲ?"

"ಅವು ಇಲ್ಲಮ್ಮಾ. ಆಗ ಯಾರೂ ಎತ್ತಿಡಲಿಲ್ಲ."

ಕತ್ತರಿಯಕ್ಕನ ಕೈ ಚೀಲದ ಮೇಲೆ ಸಡಿಲವಾಯಿತು.

"ನಿಮ್ಮದನ್ನ ಇಟ್ಟರೆ ಹೆಸರು ಹಾಕಲ್ಲ, ಸಂಖ್ಯೆ ಮಾತ್ರ," ಎಂದಳು ಬಿಳಿ ಕೋಟಿನವಳು. "ದೂರದ ಸಂಶೋಧಕರೂ ತರಿಸ್ಕೊಂಡು ನೋಡ್ತಾರೆ. ನಿಮ್ಮ ವಯಸ್ಸು, ಕೊಟ್ಟ ಔಷಧಿ, ಮುಂದೆ ಹೇಗಿದ್ದೀರಿ ಅನ್ನೋದೂ ಜೊತೆಗಿರುತ್ತೆ. ಬೇಡ ಅನ್ನಿಸಿದರೆ ಆಮೇಲೂ ಹೇಳಬಹುದು. ಆದರೆ ನಿಮ್ಮ ಮಗಳಿಗೇ ಉಪಯೋಗ ಆಗುತ್ತೆ ಅಂತ ಮಾತು ಕೊಡಲಾರೆ."

"ನಿನ್ನ ಮೈದು ಕಾಣದ ಊರಿಗೆಲ್ಲ ಹೋಗುತ್ತಂತೆ ಕಣೇ," ಎಂದ ಗಂಡ.

"ಅದಾದರೂ ಹೋಗಲಿ ಬಿಡಿ. ನಿಮ್ಮನ್ನ ಕಟ್ಕೊಂಡು ನಾನಂತೂ ನಮ್ಮ ಬೀದಿ ದಾಟಲಿಲ್ಲ." ಕತ್ತರಿಯಕ್ಕ ಬಿಲ್ಲೆಯನ್ನು ತಾನೇ ಎತ್ತಿ ಆ ಹೆಂಗಸಿನ ಅಂಗೈಯಲ್ಲಿಟ್ಟಳು. "ನೀವು ಕೇಳಿದ್ರಿ, ನಾನು ಕೊಟ್ಟೆ. ನನ್ನ ಮಗಳಿಗಲ್ಲದಿದ್ದರೆ ಯಾರ ಮಗಳಿಗೋ. ತೆಳ್ಳಗೆ ಕತ್ತರಿಸಿ, ಪೋಲು ಮಾಡಬೇಡಿ."

ಅಂದಿನಿಂದ ತಪಾಸಣೆಗೆ ಕರೆದಾಗಲೆಲ್ಲ ಕತ್ತರಿಯಕ್ಕ ಅಂಗಡಿಯ ಬಾಗಿಲು ಹಾಕಿ, ಮಗಳನ್ನೂ ಪರೀಕ್ಷೆ ಮಾಡಿಸಲು ಕರೆದುಕೊಂಡು ಹೋಗುತ್ತಾಳೆ. ಬಟ್ಟೆ ಎಷ್ಟು ಬಾಳಿಕೆ ಬಂತೆಂದು ತೊಟ್ಟವಳೇ ಹೇಳಬೇಕಲ್ಲವೇ? ಡಾಕ್ಟರು ತಲೆಯೆತ್ತುವ ಮೊದಲೇ ಹೇಳುತ್ತಾಳೆ: "ನನ್ನ ಸಂಖ್ಯೆ ಮುಂದೆ ಬರ್ಕೊಳ್ಳಿ. ಹೊಲಿಗೆ ಬಿಟ್ಟಿಲ್ಲ."