ತಾತನ ಬೆಂಗಾವಲು

ನಾನೀಗಿರುವ ಬಾಟನಿ ಡೌನ್ಸ್‌ನ ಮಾಲ್‌ನಲ್ಲಿ ಬೂಟು ರಿಪೇರಿಯ ಪುಟ್ಟ ಅಂಗಡಿಯೊಂದಿದೆ. ಅದರ ಮುಂದೆ ಹಾದುಹೋಗುವಾಗ ಕಪ್ಪು ಪಾಲಿಶ್‌ನ ವಾಸನೆ ಮೂಗಿಗೆ ಬಡಿದರೆ ಸಾಕು, ಮೂವತ್ತು ದಾಟಿದ ನಾನು ಟ್ರಾಲಿ ಹಿಡಿದುಕೊಂಡೇ ಹತ್ತು ವರ್ಷದ ಹುಡುಗಿಯಾಗಿಬಿಡುತ್ತೇನೆ. ಪಾಮರ್ಸ್ಟನ್ ನಾರ್ತ್‌ನ ನಮ್ಮ ಬಾಡಿಗೆ ಮನೆ, ಕಾಲಿಟ್ಟರೆ ಕಿರ್ರೆನ್ನುವ ಹಲಗೆಯ ನೆಲ, ಅಮ್ಮ ಒಗ್ಗರಣೆ ಹಾಕಿದಾಗಲೆಲ್ಲ ಕಿರುಚಿಕೊಳ್ಳುತ್ತಿದ್ದ ಸ್ಮೋಕ್ ಅಲಾರಂ, ಅದನ್ನು ಟವೆಲ್ ಬೀಸಿ ಸುಮ್ಮನಾಗಿಸುತ್ತಿದ್ದ ತಾತ. ದಿನವೂ ಬೂಟು ತಿಕ್ಕಿ ಹೊಳಪು ಮಾಡಿಕೊಂಡೇ ಅವರು ನನ್ನನ್ನು ಶಾಲೆಯಿಂದ ಕರೆತರಲು ಹೊರಡುತ್ತಿದ್ದರು. ಬೆರಳಿಗೆಲ್ಲ ಆ ವಾಸನೆ ಮೆತ್ತಿರುತ್ತಿತ್ತು. ಆ ಮನೆ ಈಗಿಲ್ಲ. ಕೆಡವಿ ಆ ಜಾಗದಲ್ಲಿ ನಾಲ್ಕು ಪುಟ್ಟ ಮನೆ ಕಟ್ಟಿದ್ದಾರೆ.

ತಾತ, ಅಂದರೆ ಅಮ್ಮನ ಅಪ್ಪ, ವಾಯುಪಡೆಯಲ್ಲಿ ಫೈಟರ್ ವಿಮಾನ ಹಾರಿಸಿದವರು. ಅಜ್ಜಿ ತೀರಿಕೊಂಡ ಮೇಲೆ ಆರು ತಿಂಗಳು ಇದ್ದು ಹೋಗಲು ಮೈಸೂರಿನಿಂದ ಈ ಪರದೇಶಕ್ಕೆ ಬಂದಿದ್ದರು. ಶಾಲೆಯಿಂದ ಬರುವಾಗ ಎಂದೂ ನನ್ನ ಪಕ್ಕದಲ್ಲಿ ನಡೆದವರಲ್ಲ. ಹತ್ತು ಹೆಜ್ಜೆ ಹಿಂದೆ, ಸ್ವಲ್ಪ ಬಲಕ್ಕೆ. “ಬಾಂಬರ್ ಮುಂದೆ, ಬೆಂಗಾವಲು ಹಿಂದೆ. ನೀನು ನಡಿ ಮರಿ, ನಾನಿದ್ದೀನಿ” ಅನ್ನುತ್ತಿದ್ದರು. ಗೆಳತಿಯರು ತಿರುಗಿ ನೋಡಿ ಕಿಸಕ್ಕನೆ ನಗುತ್ತಿದ್ದರು. ನನಗೋ ನಾಚಿಕೆಯಿಂದ ಪ್ರಾಣ ಹೋದಂತಾಗುತ್ತಿತ್ತು.

ಯುದ್ಧದ ಕಥೆ ಅವರು ಹೇಳಿದ್ದು ಒಂದೇ ಸಲ, ಇಲ್ಲಿಯವರು ಡೈರಿ ಅನ್ನುವ ಮೂಲೆಯ ಚಿಲ್ಲರೆ ಅಂಗಡಿಯಲ್ಲಿ ಐಸ್‌ಕ್ರೀಂ ಕೊಂಡು ಹೊರಗಿನ ಬೆಂಚಿನಲ್ಲಿ ಕೂತಾಗ. ಕೆಳಗೆ ನಾಲ್ಕು ಬಾಂಬರ್, ಮೇಲೆ ಹಿಂದುಗಡೆ ಇವರ ನಾಲ್ಕು ಫೈಟರ್. ಕೊನೆಯ ಬಾಂಬರ್‌ನಲ್ಲಿ ಮೈಸೂರಿನಲ್ಲಿ ಇವರ ಜೊತೆಗೇ ಓದಿದ ಮೋಹನ. ಅವನನ್ನು ಕಾಯುವುದು ತಾತನ ಪಾಲಿನ ಕೆಲಸ. ಸೂರ್ಯನ ಕಡೆಯಿಂದ ಶತ್ರು ವಿಮಾನವೊಂದು ಎರಗಿತು. ತಾತ ಅದಕ್ಕೆ ಎದುರಾದರು, ಅದು ಬೆದರಿ ಕೆಳಕ್ಕೆ ಧುಮುಕಿತು. ಅಲ್ಲಿಗೆ ಬಿಟ್ಟು ವಾಪಸಾಗಬೇಕಿತ್ತು. “ಓಡಿಸೋದಷ್ಟೇ ನಮ್ಮ ಕೆಲಸ ಮರಿ, ಅಟ್ಟಿಸಿಕೊಂಡು ಹೋಗೋದಲ್ಲ. ಗೊತ್ತಿತ್ತು. ಆದ್ರೂ ಹೋದೆ.” ಹೊಲಗಳ ಮಟ್ಟಕ್ಕೆ ಇಳಿದು ಅಟ್ಟಿದರು. ತಿರುವಿನಲ್ಲಿ ಮೈಯ ರಕ್ತವೆಲ್ಲ ಕಾಲಿಗಿಳಿದು ಕಣ್ಣು ಕತ್ತಲಿಟ್ಟಿತು. ಗುಂಡು ಹಾರಿಸಿದರು, ಎದುರಿನ ರೆಕ್ಕೆಯಿಂದ ಹೊಗೆ ಬಂತು, ಖುಷಿಯಿಂದ ಕೂಗಿಕೊಂಡರಂತೆ. ಆಗ ರೇಡಿಯೋದಲ್ಲಿ ಮೋಹನನ ದನಿ. ಅದರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ, ಅವತ್ತು ಅವನು ಕನ್ನಡದಲ್ಲೇ ಕೂಗಿದ: “ಎಲ್ಲಿದ್ದೀಯೋ? ನನ್ನ ಹಿಂದೆ ಇನ್ನೊಬ್ಬ ಇದ್ದಾನೆ ಕಣೋ!” ತಾತ ಮೇಲೇರುವಷ್ಟರಲ್ಲಿ ಬಾಂಬರ್ ಮೂರೇ ಉಳಿದಿದ್ದವು. ಹೊಡೆದುರುಳಿಸಿದ ವಿಮಾನಕ್ಕೆಂದು ಸರ್ಕಾರ ಪದಕ ಕೊಟ್ಟಿತು. ಅದು ಎಲ್ಲಿದೆ ತಾತ ಎಂದು ಕೇಳಿದೆ. “ಐಸ್‌ಕ್ರೀಂ ಕರಗ್ತಿದೆ, ತಿನ್ನು” ಅಂದರು.

ಇಷ್ಟು ಕೇಳಿಯೂ ನನಗೆ ಬುದ್ಧಿ ಬರಲಿಲ್ಲ ನೋಡಿ. ಮರುವಾರವೇ ಒಂದು ದಿನ, ಗೆಳತಿಯರ ನಗು ಸಹಿಸಲಾಗದೆ, ಅವರು ತಮ್ಮ ಮನೆಗಳತ್ತ ಹೊರಳಿದ ಮೇಲೆ, ತಾತನನ್ನು ಸ್ವಲ್ಪ ಆಟ ಆಡಿಸೋಣವೆಂದು ತಿರುವು ದಾಟಿದ ಕೂಡಲೇ ಯಾರದೋ ತೋಟದ ಪೊದೆಬೇಲಿಯ ಹಿಂದೆ ನುಸುಳಿ ಕೂತೆ. ತಾತ ತಿರುವಿಗೆ ಬಂದರು. ಉದ್ದಕ್ಕೂ ಖಾಲಿ ರಸ್ತೆ. “ಮರೀ” ಅಂದರು ಒಂದು ಸಲ, ಮೆಲ್ಲಗೆ. ಆಮೇಲೆ ಓಡತೊಡಗಿದರು. ಆ ತುದಿಗೆ ಹೋದರು, ಈ ತುದಿಗೆ ಬಂದರು, ನಡುರಸ್ತೆಯಲ್ಲಿ ನಿಂತು ಕತ್ತೆತ್ತಿ ಆಕಾಶ ನೋಡಿದರು. “ಮೋಹನಾ! ಬಂದೆ ಕಣೋ, ಬಂದೆ!” ಎಂದು ಅಳುತ್ತಾ ಕೂಗಿದರು. ಅಯ್ಯೋ, ಎದ್ದು ‘ಇಲ್ಲಿದ್ದೀನಿ ತಾತ’ ಅನ್ನಲು ಎಷ್ಟು ಹೊತ್ತು ಬೇಕು? ನಾನು ಏಳಲಿಲ್ಲ. ಅಷ್ಟು ದೊಡ್ಡ ಮನುಷ್ಯ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ತೋಟದ ಹಿಂದಿನ ಓಣಿ ಹಿಡಿದು ಮನೆಗೆ ಓಡಿಬಿಟ್ಟೆ.

ಒಂದು ಗಂಟೆಯ ಮೇಲೆ ಯಾರೋ ಪುಣ್ಯಾತ್ಮ ತನ್ನ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಬಂದು ತಾತನನ್ನು ಮನೆಗೆ ಬಿಟ್ಟ. ಅಷ್ಟರಲ್ಲಿ ಅಮ್ಮ ಕೆಲಸದಿಂದ ಬಂದಿದ್ದಳು, ನಾನು ಹೇಳಿಯೂ ಆಗಿತ್ತು: “ತಿರುಗಿ ನೋಡಿದ್ರೆ ತಾತ ಇರ್ಲಿಲ್ಲ.”

“ಅಪ್ಪಾ, ಒಂದು ಮಗೂನ ನೋಡ್ಕೊಳ್ಳಕ್ಕೂ ಆಗಲ್ವಾ ನಿಮಗೆ?” ಅಮ್ಮ ಗದರಿದಳು.

ತಾತ ನನ್ನ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. “ತಪ್ಪು ನಂದೇ ಕಣಮ್ಮ. ಇನ್ಮೇಲೆ ಇವಳನ್ನ ನನ್ನ ಕೈಗೆ ಒಪ್ಪಿಸಬೇಡ” ಅಂದರು. ಅಮ್ಮ ಆಮೇಲೆ ಎಷ್ಟು ಬೇಡಿಕೊಂಡರೂ ಕೇಳದೆ, ವಾಪಸು ಟಿಕೆಟ್‌ನ ದಿನ ಬದಲಿಸಿಕೊಂಡು ಹತ್ತೇ ದಿನದಲ್ಲಿ ಮೈಸೂರಿಗೆ ಹೊರಟುಹೋದರು.

ಮರುವರ್ಷ ಅಲ್ಲೇ ತೀರಿಕೊಂಡರು. ಅದಕ್ಕೆ ಹದಿನೈದು ದಿನ ಮುಂಚೆ ಫೋನಿನಲ್ಲಿ ಸಿಕ್ಕಾಗ ಹೇಗೋ ಧೈರ್ಯ ಮಾಡಿ ಬಾಯಿ ತೆರೆದಿದ್ದೆ. “ತಾತ, ಅವತ್ತು ನಾನು…”

“ಬೇಡ ಮರಿ, ಏನೂ ಹೇಳಬೇಡ. ನೀನು ಕೂಗಿರ್ತೀಯ. ನನಗೇ ಕೇಳಿಸಿರಲ್ಲ.”

ನಾನು ಹೂಂ ಅಂದೆ.