ಮಂಚದಕ್ಕನ ಹತ್ತು ನಿಮಿಷ

ಇದನ್ನು ಬರೆಯುತ್ತಿರುವವನು ಮಂಚದಕ್ಕನನ್ನು ಮೊದಲ ಸಲ ಕಂಡಾಗ ಆಕೆ ಅವನ ಹಾಸಿಗೆಯ ಮೇಲೆ ಮಲಗಿದ್ದಳು.

ಈ ಮಾತನ್ನು ಇಷ್ಟಕ್ಕೇ ನಿಲ್ಲಿಸಿದರೆ ಬರೆದವನ ಮನೆಯಲ್ಲಿ ಮೂರು ದಿನ ಒಲೆ ಉರಿಯುವುದಿಲ್ಲ. ಆದ್ದರಿಂದ ಉಳಿದದ್ದನ್ನೂ ಬೇಗ ಬೇಗ ಹೇಳಿಬಿಡುವುದು ಕ್ಷೇಮ. ಹೊತ್ತು ನಡುಮಧ್ಯಾಹ್ನ. ಸ್ಥಳ, ಕಡಲತೀರದ ದೊಡ್ಡ ನಗರವೊಂದರಲ್ಲಿ ಬಂದರಿನ ಹಿಂದಿನ ಬೀದಿ. ಅಲ್ಲಿ ಕಡಿಮೆ ಬಾಡಿಗೆಯ, ಇಪ್ಪತ್ತೆರಡು ರೂಮುಗಳ ಒಂದು ಹೋಟೆಲು. ಬೋರ್ಡಿನಲ್ಲಿ 'ಸಮುದ್ರ ಕಾಣುವ ಕೋಣೆಗಳು' ಎಂದು ಬರೆದಿದೆ. ಹತ್ತೊಂಬತ್ತನೇ ರೂಮಿನ ಬಚ್ಚಲಿನಲ್ಲಿ ಬಕೆಟ್ ಬೋರಲು ಹಾಕಿ ನಿಂತರೆ ಕಾಣುವುದೂ ನಿಜ. ಬೆಳಿಗ್ಗೆಯೇ ಚೀಲವನ್ನು ಕೌಂಟರಿನಲ್ಲಿಟ್ಟು ಹೋಗಿದ್ದ ಅವನಿಗೆ ಸಿಕ್ಕಿದ್ದು ಹದಿನಾಲ್ಕನೆಯದು. ಬಾಗಿಲು ತೆಗೆದರೆ, ಐವತ್ತು ದಾಟಿದ ಹೆಂಗಸೊಬ್ಬಳು ಚಪ್ಪಲಿಯನ್ನು ಗೋಡೆಬದಿಗೆ ಜೋಡಿಸಿಟ್ಟು, ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟು, ಅಂಗಾತ ಮಲಗಿದ್ದಾಳೆ. ಕಣ್ಣನ್ನೂ ತೆರೆಯದೆ ಆಕೆ ಹೇಳಿದಳು: "ಇನ್ನೂ ನಾಲ್ಕು ನಿಮಿಷ ಇದೆ. ಹೊರಗಿರಿ."

ಯಾರೋ ಮೈ ಹುಷಾರಿಲ್ಲದ ಗಿರಾಕಿ, ಪಾಪ, ಒಬ್ಬರ ರೂಮನ್ನು ಇನ್ನೊಬ್ಬರಿಗೆ ಕೊಟ್ಟಿದ್ದಾರೆ ಎಂದುಕೊಂಡು ಅವನು ಕೆಳಗಿಳಿದ. ಅಷ್ಟನ್ನು ಕೌಂಟರಿನವನ ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ವಾಚಕರವಾಣಿಯಲ್ಲಿ ನಾಲ್ಕಾರು ಪತ್ರ ಅಚ್ಚಾದವರ ದನಿಗೆ ಒಂದು ತೂಕ ಬಂದಿರುತ್ತದೆ. ಆ ತೂಕದಲ್ಲೇ ಹೇಳಿದ. ಹಿಂದಿನ ಕ್ಯಾಬಿನ್ನಿನಲ್ಲಿದ್ದ ಮ್ಯಾನೇಜರ್ ಎದ್ದು ಬಂದ.

ಮಲಗಿದ್ದವಳು ಗಿರಾಕಿಯಲ್ಲ, ಆ ಹೋಟೆಲಿನ ರೂಮುಗಳ ಉಸ್ತುವಾರಿ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದವಳು. ಮಂಚದಕ್ಕ ಎಂಬ ಹೆಸರು ಬಂದಿದ್ದೇ ಈ ಮಲಗುವ ಅಭ್ಯಾಸದಿಂದ.

ಅದು ಶುರುವಾದದ್ದು ಆಕೆ ನೆಲ ಒರೆಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ. ಔಷಧಿ ಕಂಪನಿಯ ಮಾರಾಟಗಾರನೊಬ್ಬ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಇಳಿದು ಬಂದು, ಅದು ಹಾಸಿಗೆಯೋ ಜಲ್ಲಿಕಲ್ಲೋ ಎಂದು ಕೇಳಿದ. ಹಾಸಿಗೆ ಚೆನ್ನಾಗೇ ಇದೆ ಎಂದು ಯಜಮಾನರು ವಾದಿಸಿದರು. ಪಕ್ಕದಲ್ಲಿ ನೆಲ ಒರೆಸುತ್ತಿದ್ದವಳು ತಲೆಯೆತ್ತಿ, "ನೀವು ಅದರಲ್ಲಿ ಮಲಗಿದೀರಾ ಯಜಮಾನ್ರೇ?" ಎಂದಳು. ಯಜಮಾನರು ಮಲಗಿರಲಿಲ್ಲ. ಕೌಂಟರಿನವನೂ ಮಲಗಿರಲಿಲ್ಲ. ಊರಿಗೆಲ್ಲ ನಿದ್ದೆ ಬಾಡಿಗೆಗೆ ಕೊಡುವ ಆ ಕಟ್ಟಡದಲ್ಲಿ ಕೆಲಸಕ್ಕಿದ್ದ ಒಂದು ನರಪಿಳ್ಳೆಯೂ ಅಲ್ಲಿನ ಹಾಸಿಗೆಗೆ ಬೆನ್ನು ತಾಗಿಸಿರಲಿಲ್ಲ.

ಅಂದಿನಿಂದ ಇದು ಆಕೆಯ ಕ್ರಮ. ರೂಮು ಗುಡಿಸಿ, ಒರೆಸಿ, ಮೇಲೊಂದು ಹಳೆಯ ದುಪ್ಪಟಿ ಹಾಸಿಕೊಂಡು ಗಡಿಯಾರ ನೋಡಿ ಹತ್ತು ನಿಮಿಷ ಮಲಗುವುದು. ದಿನಕ್ಕೊಂದು ರೂಮು, ಸರದಿಯ ಮೇಲೆ. ಕಣ್ಣು ಮುಚ್ಚಿದ ಮೇಲೆಯೇ ರೂಮು ಬಾಯಿಬಿಡುತ್ತದೆ ಎನ್ನುತ್ತಾಳೆ. ನಲ್ಲಿ ತೊಟ್ಟಿಕ್ಕುವುದು, ನಾಲ್ಕಕ್ಕಿಟ್ಟರೆ ಕೊರಗುವ ಫ್ಯಾನು ಮೂರಕ್ಕಿಟ್ಟರೆ ಸುಮ್ಮನಾಗುವುದು, ಕಡಲಗಾಳಿಗೆ ಥಂಡಿ ಹಿಡಿದ ಹಾಸಿಗೆಯ ವಾಸನೆ, ಇವೆಲ್ಲ ನಿಂತವರಿಗೆ ತಿಳಿಯುವುದಿಲ್ಲ. ಸರಿಪಡಿಸಲು ಆಗುವುದನ್ನು ಸರಿಪಡಿಸುತ್ತಾಳೆ. ಆಗದಿದ್ದರೆ ಆ ಕೊರತೆಯೇ ಹೊಂದುವ ಮನುಷ್ಯನನ್ನು ಹುಡುಕಿ ಆ ರೂಮಿಗೆ ಹಾಕಿಸುತ್ತಾಳೆ. ಬಂದವರ ಚಪ್ಪಲಿ, ಚೀಲ, ಮಾತು ನೋಡಿ ಕೌಂಟರಿನವನಿಗೆ ಕಣ್ಣಲ್ಲೇ ನಂಬರು ಹೇಳುತ್ತಾಳೆ. ಇದಕ್ಕೆಂದೇ ಆಕೆಯ ಬಳಿ ಒಂದು ನೋಟುಪುಸ್ತಕವಿತ್ತು.

ಮ್ಯಾನೇಜರಿಗೆ ಇದೊಂದೂ ತಿಳಿಯದು. ಅವನು ಯಜಮಾನರ ಅಳಿಯ. ಮಾವನಿಗೆ ಮಂಡಿನೋವು ಬಂದು ಮೆಟ್ಟಿಲು ಹತ್ತುವುದು ನಿಂತ ಮೇಲೆ, ಎರಡು ತಿಂಗಳ ಹಿಂದೆ ಆಡಳಿತ ವಹಿಸಿಕೊಂಡಿದ್ದ. ಎದೆಯ ಮೇಲೆ 'ಜನರಲ್ ಮ್ಯಾನೇಜರ್' ಎಂಬ ಹಿತ್ತಾಳೆಯ ಪಟ್ಟಿ. ಹೋಟೆಲಿನಲ್ಲಿ ಬೇರೆ ಮ್ಯಾನೇಜರು ಯಾರೂ ಇಲ್ಲದಿರುವುದರಿಂದ ಇವನು ಯಾರಿಗೆ ಜನರಲ್ ಎಂಬುದನ್ನು ಕೌಂಟರಿನವನು ಇನ್ನೂ ಯೋಚಿಸುತ್ತಲೇ ಇದ್ದಾನೆ. ಸಿಟ್ಟು ಬಂದಾಗ ಅವನು ಎಲ್ಲ ಹೆಂಗಸರನ್ನೂ ಮೇಡಂ ಎನ್ನುತ್ತಾನೆ.

"ಮೇಡಂ, ಕೂತ್ಕೊಳ್ಳಿ," ಎಂದ, ಆಕೆಯನ್ನು ಕ್ಯಾಬಿನ್ನಿಗೆ ಕರೆಸಿ.

"ಬೇಡಿ ಸರ್. ಆಮೇಲೆ ಡ್ಯೂಟಿ ಟೈಮಲ್ಲಿ ಕೂತಿದ್ದಳು ಅಂತೀರ."

"ಮಲಗಿದ್ದವರು ಕೂರೋದಕ್ಕೆ ನಾಚಿಕೆ ಪಡ್ತೀರಲ್ಲ." ಮೇಜಿನ ಮೇಲೆ ಆಕೆಯ ನೋಟುಪುಸ್ತಕ ಇತ್ತು. ಕೌಂಟರಿನಿಂದ ತರಿಸಿಕೊಂಡಿದ್ದ. "ಮಲಗಿದ್ದಷ್ಟೇ ಆಗಿದ್ರೆ ಬಯ್ದು ಬಿಡ್ತಿದ್ದೆ. ಇದೇನು? 'ಮೂರು, ಅತ್ತೆ. ಎಂಟು, ಮಾವ. ಹನ್ನೆರಡು, ಮೈದುನ. ಹದಿನಾಲ್ಕು, ಭಾವ.' ನಿಮ್ಮ ಇಡೀ ಮನೆತನವನ್ನ ಇಲ್ಲೇ ಇಳಿಸಿದ್ದೀರಲ್ಲ ಮೇಡಂ. ನಿಮ್ಮ ಮಾವ ಎಂಟನೇ ರೂಮಲ್ಲಿ ಎಷ್ಟು ದಿನದಿಂದ ಇದಾರೆ?"

"ನಮ್ಮ ಮಾವ ತೀರಿಕೊಂಡು ಹನ್ನೊಂದು ವರ್ಷ ಆಯ್ತು ಸರ್."

ಸೋಲೊಪ್ಪುವುದು ಮ್ಯಾನೇಜರ್ ಓದಿದ ಹೋಟೆಲ್ ಕೋರ್ಸಿನಲ್ಲಿ ಇರಲಿಲ್ಲ. "ಹಾಗಾದ್ರೆ ರೂಮು ಇನ್ನೂ ಯಾಕೆ ಅವರ ಹೆಸರಲ್ಲಿದೆ?"

ಆಕೆ ಬಿಡಿಸಿ ಹೇಳಿದಳು. ಎಂಟರಲ್ಲಿ ಕಿಟಕಿ ಅರ್ಧ ತೆರೆದು ನಿಲ್ಲುತ್ತದೆ, ಹಾಸಿಗೆ ಗಟ್ಟಿ, ಕನ್ನಡಿ ಸೊಟ್ಟ. ಮಾವ ಬದುಕಿದ್ದಾಗ ಏನಾದರೂ ತಪ್ಪು ಸಿಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಥವರಿಗೆ ಆ ರೂಮು. ಮೂರರ ಗೋಡೆ ತೆಳು, ಮೆಟ್ಟಿಲ ಮೇಲಿನ ಪಿಸುಮಾತೂ ಕೇಳಿಸುತ್ತದೆ. ಅತ್ತೆಗೆ ಅದಕ್ಕಿಂತ ಸುಖ ಬೇರೆ ಬೇಕೇ? ಮೈದುನನ ತಲೆದಿಂಬಿನ ಪಕ್ಕ ಹಡಗಿನ ಸೈರನ್ ಊದಿದರೂ ಎಚ್ಚರವಾಗದು. ಹನ್ನೆರಡು ರಸ್ತೆಯ ಬದಿಯದು, ರಾತ್ರಿಯಿಡೀ ಮೀನಿನ ಲಾರಿ.

"ನಿಮ್ಮ ನೆಂಟರ ಮೇಲೆ ಹೋಟೆಲ್ ನಡೆಸೋಕಾಗಲ್ಲ ಮೇಡಂ. ಇನ್ಮೇಲೆ ರೂಮು ಹಂಚೋದು ಕಂಪ್ಯೂಟರ್. ಒಂದು ರೂಮಿಗೆ ಹದಿನೆಂಟು ನಿಮಿಷ, ಎಲ್ಲಾ ನಿಂತುಕೊಂಡೇ." ನೋಟುಪುಸ್ತಕವನ್ನು ಡ್ರಾಯರಿಗೆ ಹಾಕಿದ. "ನಾಳೆ ನಿವೃತ್ತ ಲೆಕ್ಕದ ಮೇಷ್ಟ್ರುಗಳ ಸಂಘದವರು ಇಪ್ಪತ್ತು ಜನ ಬರ್ತಿದಾರೆ. ಮೂರು ರಾತ್ರಿ. ಮೆಚ್ಚಿದ್ರೆ ಪ್ರತಿವರ್ಷ ಇಲ್ಲೇ. ಅವರು ಹೋಗಲಿ, ನಿಮ್ಮ ವಿಷಯ ತೀರ್ಮಾನ ಮಾಡ್ತೀನಿ. ನಿಮ್ಮ ಜಾಗಕ್ಕೆ ಒಬ್ಬರನ್ನ ನೋಡಿಟ್ಟಿದೀನಿ."

ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದ ಆಕೆಯ ಗಂಡ ಪ್ರತಿ ಸಂಜೆ ಕೇಳುವ ಪ್ರಶ್ನೆಯನ್ನೇ ಅಂದೂ ಕೇಳಿದ. "ಇವತ್ತು ಎಷ್ಟನೇ ರೂಮಲ್ಲಿ ಮಲಗಿದ್ದೆ?" ಅಕ್ಕಪಕ್ಕದವರಿಗೆ ಕೇಳಿಸಲಿ ಎಂದೇ ಅವನು ಜೋರಾಗಿ ಕೇಳುವುದು. ಇಪ್ಪತ್ತು ವರ್ಷ ಕ್ರೇನಿನ ತುದಿಯಲ್ಲಿ ಒಬ್ಬನೇ ಕೂತವನಿಗೆ ಇಷ್ಟು ತಮಾಷೆಯಾದರೂ ಬೇಡವೇ?

"ಹದಿನಾಲ್ಕು. ಅದೇ ಕಡೇದು ಅಂತಾರೆ," ಎಂದು ಆಕೆ ಎಲ್ಲವನ್ನೂ ಹೇಳಿದಳು.

ಗಂಡ ತಮಾಷೆ ಬಿಟ್ಟ. "ಈ ವಯಸ್ಸಲ್ಲಿ ಕೆಲಸ ಹೋದ್ರೆ ಇನ್ಯಾರು ಕರೀತಾರೆ ನಿನ್ನ?"

"ಹೋಗಲ್ಲ."

"ಅಷ್ಟು ಖಾತ್ರಿನಾ?"

"ಕಂಪ್ಯೂಟರ್‌ಗೆ ಬೆನ್ನಿಲ್ಲ ಕಣ್ರೀ. ನಾಳೆ ಹನ್ನೆರಡನೇ ರೂಮಿಗೆ ಯಾರನ್ನ ಹಾಕುತ್ತೆ ನೋಡೋಣ."

ಬಾಯಲ್ಲಿ ಹಾಗೆಂದಳು. ಆದರೆ ಆ ಸಂಜೆಯ ಅಡುಗೆಗೆ ಎರಡು ಸಲ ಉಪ್ಪು ಬಿದ್ದಿತ್ತು. ಗಂಡ ಮಜ್ಜಿಗೆ ಬೆರೆಸಿಕೊಂಡು ಉಂಡ.

ಮೇಷ್ಟ್ರುಗಳು ಬಂದರು. ಕಂಪ್ಯೂಟರು ಅವರನ್ನು ಹೆಸರಿನ ಮೊದಲಕ್ಷರದ ಕ್ರಮದಲ್ಲಿ ಒಂದರಿಂದ ಸಾಲಾಗಿ ಹಂಚಿ, ಹದಿನಾಲ್ಕನ್ನು ಮಾತ್ರ ದಾಟಿಕೊಂಡಿತು. ಮಾರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಕೌಂಟರಿನ ಮುಂದೆ ಹಾಜರಿ ಕರೆಯುವ ಹಾಗೆ ಸಾಲು. ಎಲೆ ಬಿದ್ದರೂ ಎಚ್ಚರಗೊಳ್ಳುವ ಸಂಘದ ಅಧ್ಯಕ್ಷರು ಹನ್ನೆರಡರಲ್ಲಿದ್ದರು. ನಿದ್ದೆ ಬಾರದ್ದರಿಂದ ಮೀನಿನ ಲಾರಿಗಳನ್ನು ಎಣಿಸಿ, ಒಟ್ಟು ನಲವತ್ತೊಂದು, ಗಂಟೆಗೆ ಸರಾಸರಿ ಎಷ್ಟು ಎಂಬುದನ್ನೂ ಹೋಟೆಲಿನ ಕಾಗದದ ಮೇಲೆಯೇ ತೆಗೆದಿದ್ದರು. ಮೌನ ಬಯಸಿ ಬಂದ ಖಜಾಂಚಿಗೆ ಮೂರನೇ ರೂಮು ಸಿಕ್ಕಿ, ಅವರು ತಮ್ಮ ಬಗ್ಗೆಯೇ ಸದಸ್ಯರು ಮೆಟ್ಟಿಲ ಮೇಲೆ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ಕಾರ್ಯದರ್ಶಿ ಮುಚ್ಚುಮರೆಯಿಲ್ಲದೆ ಹೇಳಿದರು: ಮಧ್ಯಾಹ್ನ ಹನ್ನೆರಡರೊಳಗೆ ಎಲ್ಲರೂ ಬೇರೆ ಹೋಟೆಲಿಗೆ ಹೊರಡುತ್ತೇವೆ.

ಮ್ಯಾನೇಜರ್ ಡ್ರಾಯರಿನಿಂದ ನೋಟುಪುಸ್ತಕ ತೆಗೆದ. 'ಐದು, ಚಿಕ್ಕಮ್ಮ, ಹೆರಿಗೆಗೆ ಮುಂಚೆ' ಎಂದಿತ್ತು. ತಲೆಬುಡ ತಿಳಿಯದೆ ಮುಚ್ಚಿದ. ಎರಡನೇ ಮಹಡಿಗೆ ಓಡಿದ.

ಮಂಚದಕ್ಕ ಅಲ್ಲಿ ನಿಂತುಕೊಂಡೇ ದುಪ್ಪಟಿ ಮಡಿಸುತ್ತಿದ್ದಳು.

"ಅಕ್ಕಾ," ಎಂದ.

ಮೇಡಂ ಹೋಗಿ ಅಕ್ಕ ಆದದ್ದನ್ನು ಆಕೆ ಗಮನಿಸಿದಳು. ಮೊದಲು ದುಪ್ಪಟಿಯ ಮೂಲೆಗೆ ಮೂಲೆ ಕೂಡಿಸಿ ಮುಗಿಸಿದಳು.

"ಪುಸ್ತಕ ಕೊಡ್ತೀರಾ ಸರ್?"

"ತಗೊಳ್ಳಿ, ಬೇಗ."

"ಮತ್ತೆ ನನ್ನ ಹತ್ತು ನಿಮಿಷ?"

"ಅದನ್ನ ಆಮೇಲೆ ಮಾತಾಡೋಣ ಅಕ್ಕ."

"ಈಗಲೇ ಮಾತಾಡೋಣ. ಅವರು ಹೊರಡೋದು ಹನ್ನೆರಡಕ್ಕೆ. ನನಗೇನು, ಸಂಜೆವರೆಗೂ ಡ್ಯೂಟಿ ಇದೆ."

ಮ್ಯಾನೇಜರ್ ಮೆಟ್ಟಿಲ ಕಡೆ ನೋಡಿದ, ಗಡಿಯಾರ ನೋಡಿದ. "ಇವರು ಉಳಿದ್ರೆ ನೀವೂ ಉಳೀತೀರಿ. ಹತ್ತು ನಿಮಿಷಾನೂ ಉಳಿಯುತ್ತೆ. ಸರಿನಾ?"

ಕೆಳಗಿನ ಹಜಾರದಲ್ಲಿ ಇಪ್ಪತ್ತು ಮೇಷ್ಟ್ರುಗಳನ್ನು ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಮಂಚದಕ್ಕ ಅದನ್ನು ನಿಧಾನವಾಗಿಯೇ ಅನುಭವಿಸಿದಳು.

"ಸಾರ್, ಮನೇಲಿ ಯಾವ ಕಡೆ ತಿರುಗಿ ಮಲಗ್ತೀರಿ?" ಎಂದು ಮೊದಲು ಅಧ್ಯಕ್ಷರನ್ನು ಕೇಳಿದಳು.

"ಅದು ನನ್ನ ಖಾಸಗಿ ವಿಷಯ."

"ಸರಿ, ಹಾಗಾದ್ರೆ ಹನ್ನೆರಡರಲ್ಲೇ ಇರಿ."

"ಬಲಗಡೆ," ಎಂದರು ಅಧ್ಯಕ್ಷರು. ಅವರಿಗೆ ಹಿತ್ತಿಲ ಕಡೆಯ ಇಪ್ಪತ್ತನೇ ರೂಮು. ಕಿವಿಯ ಮಿಷನ್ ತೆಗೆದಿಟ್ಟು ಮಲಗುವ ಒಬ್ಬ ಹಿರಿಯರು ಲಾರಿಗಳ ಹನ್ನೆರಡಕ್ಕೆ ಹೋದರು. ಸಂಘದಲ್ಲಿ ಯಾರು ಯಾರ ಮೇಲೆ ಏನು ಹೇಳುತ್ತಾರೆ ಎಂಬುದು ಗೊತ್ತಿರಲೇಬೇಕಾದ ಕಾರ್ಯದರ್ಶಿಗೆ ಮೂರು. ಸಾಲಿನ ಕೊನೆಯಲ್ಲಿ ಒಬ್ಬರು ಗೋಡೆಯ ಗಡಿಯಾರ ಎರಡು ನಿಮಿಷ ಹಿಂದಿದೆ, ಕುರ್ಚಿಯ ಕಾಲು ಕುಂಟುತ್ತದೆ, ಈ ಹೋಟೆಲಲ್ಲಿ ಸರಿಯಾದದ್ದು ಏನಿದೆ ಎಂದು ಗೊಣಗುತ್ತಿದ್ದರು. ಆಕೆಯ ಮುಖ ಅರಳಿತು. ಹನ್ನೊಂದು ವರ್ಷದ ಮೇಲೆ ಮಾವನನ್ನು ಕಂಡ ಹಾಗಾಯಿತು.

"ನಿಮಗೆ ಸರಿಯಾದದ್ದು ಒಂದಿದೆ ಸಾರ್. ಎಂಟು," ಎಂದಳು.

ಅವರು ಮಾರನೆಯ ಬೆಳಿಗ್ಗೆ ಎರಡು ಹಾಳೆ ತುಂಬ ದೂರು ಬರೆದು ತಂದುಕೊಟ್ಟರು. ಮುಖದಲ್ಲಿ ಒಳ್ಳೆಯ ನಿದ್ದೆಯ ಕಳೆ. ಮುಂದಿನ ವರ್ಷಕ್ಕೂ ಅದೇ ರೂಮು ಬೇಕೆಂದರು.

ಎಲ್ಲವೂ ಹೂವೆತ್ತಿದಂತೆ ನಡೆಯಿತೆಂದಲ್ಲ. ಖಜಾಂಚಿಯನ್ನು ಹದಿನೇಳಕ್ಕೆ ಹಾಕಿದ್ದು ತಪ್ಪಾಯಿತು. ಅಲ್ಲಿ ಮುಂಜಾನೆ ಐದಕ್ಕೆ ತಲೆಯ ಮೇಲೆ ನೀರಿನ ಟ್ಯಾಂಕು ತುಂಬುತ್ತದೆ. "ನನ್ನದೇ ತಪ್ಪು ಸಾರ್, ನೀವು ಆ ಹೊತ್ತಿಗೆ ಏಳೋರು ಅಂದುಕೊಂಡೆ," ಎಂದು ಒಪ್ಪಿಕೊಂಡು ಬದಲಾಯಿಸಿದಳು. ಹದಿನಾಲ್ಕರಲ್ಲಿದ್ದವನ, ಅಂದರೆ ಇದನ್ನು ಬರೆಯುತ್ತಿರುವವನ, ವಿಷಯದಲ್ಲೂ ಆಕೆಯ ಲೆಕ್ಕ ತಪ್ಪಿತ್ತು. ಕೌಂಟರಿನಲ್ಲಿದ್ದ ಅವನ ಚೀಲದ ತುಂಬ ಪುಸ್ತಕ ಕಂಡು, ಹಗಲೂ ಇರುಳೂ ಓದುತ್ತಾ ಕೂರುವ ತನ್ನ ಭಾವನ ಜಾತಿಯವನು ಎಂದುಕೊಂಡಿದ್ದಳು. ಆ ರೂಮಿನ ಮೇಜು ಬಲು ಚಂದ, ಹಾಸಿಗೆ ಮಾತ್ರ ನಡುವೆ ಹಳ್ಳ. ಅವನೋ ದಿನಕ್ಕೆ ಹತ್ತು ತಾಸು ಆ ಹಳ್ಳದಲ್ಲೇ ಬಿದ್ದುಕೊಂಡಿದ್ದ. ಮೇಜಿನ ಮೇಲೆ ಒದ್ದೆ ಟವೆಲ್ಲು ಒಣಗುತ್ತಿತ್ತು.

ನಾಲ್ಕನೆಯ ದಿನ ಮೇಷ್ಟ್ರುಗಳು ಮುಂದಿನ ವರ್ಷದ ತಾರೀಕು ಬರೆಸಿ ಹೋದರು. ಹದಿನಾಲ್ಕರವನು ಕೀಲಿಕೈ ಒಪ್ಪಿಸುತ್ತಿದ್ದಾಗ ಮ್ಯಾನೇಜರ್ ಕೌಂಟರಿಗೆ ಬಂದ. ಕೈಯಲ್ಲಿ ಹನ್ನೊಂದು ಕಾಲಮ್ಮಿನ, ಹೊಸದಾಗಿ ಅಚ್ಚಾದ ನಮೂನೆ. ತಲೆಬರಹ: 'ಹಾಸಿಗೆ ಗುಣಮಟ್ಟ ಪರಿಶೀಲನೆ'. ಇಡೀ ಯೋಜನೆ ತನಗೇ ಹೊಳೆದದ್ದು ಎಂಬಂತೆ ಅವನು ಅದನ್ನು ಮಂಚದಕ್ಕನ ಮುಂದೆ ಹಿಡಿದ.

"ಇಲ್ಲಿ ಮಲಗಿದ ಸಮಯ, ಇಲ್ಲಿ ಎದ್ದ ಸಮಯ, ಇಲ್ಲಿ ಸಹಿ. ನಾನು ಮಾತು ಉಳಿಸಿಕೊಂಡಿದೀನಿ ಅಕ್ಕ."

"ಸಂತೋಷ ಸರ್."

"ಒಂದೇ ಒಂದು ಅನುಮಾನ." ಅವನು ಹಿತ್ತಾಳೆ ಪಟ್ಟಿಯನ್ನು ನೇರ ಮಾಡಿಕೊಂಡ. "ನಾನು ರೌಂಡ್ಸ್‌ಗೆ ಬಂದಾಗ ನೀವು ಕಣ್ಣು ಮುಚ್ಚಿ ಮಲಗಿರ್ತೀರಿ. ಕೆಲಸ ಮಾಡ್ತಾ ಇದೀರೋ, ನಿದ್ದೆ ಹೊಡೀತಾ ಇದೀರೋ, ಅದನ್ನ ನಾನು ಕಂಡುಹಿಡಿಯೋದು ಹೇಗೆ?"

ಮಂಚದಕ್ಕ ನಮೂನೆಯನ್ನು ನಾಲ್ಕಾಗಿ ಮಡಿಸಿ ನೋಟುಪುಸ್ತಕದೊಳಗಿಟ್ಟಳು.

"ಎಬ್ಬಿಸಿ ನೋಡಿ. ಕಣ್ಣುಜ್ಜಿಕೊಂಡು ಎದ್ದರೆ ನಿದ್ದೆ. ಬೈದರೆ ಕೆಲಸ."